ಮಾವನ ಟ್ರಂಕಿನ ಪದರಗಳು

ಹಳೇಕೋಟೆ ಕಡೆ ನಮ್ಮ ಸೋದರಮಾವನ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ಮೊದಲು ಅದರಲ್ಲಿ ಅತ್ತೆಯ ರೇಷ್ಮೆ ಸೀರೆಗಳಿದ್ದವು, ಆಮೇಲೆ ಜಮೀನಿನ ಕಾಗದಪತ್ರ. ಈಗ ಒಳಗಿರೋದು ಬರೀ ಸದ್ದು. ನೆಲ ಅಗೆಯೋರು ಮಣ್ಣಿನ ಪದರ ನೋಡಿ ಕಾಲ ಹೇಳ್ತಾರಲ್ಲ, ಹಾಗೆ ಈ ಟ್ರಂಕು. ತಳದಲ್ಲಿ ಹನ್ನೊಂದು ದಪ್ಪನೆಯ ಗ್ರಾಮಫೋನ್ ತಟ್ಟೆಗಳು. ಅದರ ಮೇಲೆ ಮೂರು ಎಲ್‌ಪಿ. ಅದರ ಮೇಲೆ ಕ್ಯಾಸೆಟ್ಟುಗಳು, ಎಣಿಸಿದರೆ ಎಂಬತ್ತು ದಾಟುತ್ತವೆ. ಎಲ್ಲಕ್ಕಿಂತ ಮೇಲೆ, ತೀರಾ ಇತ್ತೀಚಿನ ಪದರದಲ್ಲಿ, ನಲವತ್ತೆರಡು ಸಿ.ಡಿ.

ಆ ಸಿ.ಡಿ.ಗಳನ್ನು ಮಾಡಿದವನು ನಾನು. ಕೆಳಗಿನ ಪದರಗಳನ್ನೆಲ್ಲ ಉಳಿಸಿಬಿಟ್ಟೆ ಅಂತ ಬೀಗಿದ್ದವನೂ ನಾನೇ. ಆ ಬೀಗಿದ್ದು ಎಷ್ಟು ದಿನ ನಡೀತು ಅಂತ ಹೇಳೋದಕ್ಕೆ ತಳದಿಂದಲೇ ಶುರು ಮಾಡಬೇಕು.

ತಳದ ತಟ್ಟೆಗಳು ತಾತನಿಗೆ ಬಂದಿದ್ದು ಮೈಕ್‌ಸೆಟ್‌ನವನೊಬ್ಬನಿಂದ. ಮದುವೆ, ಜಾತ್ರೆ ಅಂದರೆ ತೆಂಗಿನಮರಕ್ಕೆ ಕಬ್ಬಿಣದ ಹಾರ್ನು ಕಟ್ಟಿ ಬೆಳಗಿನ ಜಾವವೇ ಊರೆಬ್ಬಿಸುತ್ತಿದ್ದ ಜನ ಅವರು. ಎಲ್‌ಪಿ ಬಂದ ಮೇಲೆ ಈ ಹಳೇ ತಟ್ಟೆಗಳು ಅವನಿಗೆ ಭಾರವಾದವು, ಕೊಡಬೇಕಾಗಿದ್ದ ಬಾಕಿ ದುಡ್ಡಿಗೆ ತಾತನ ತಲೆಗೆ ಕಟ್ಟಿ ಹೋದ. ಇವನ್ನು ಕೈಯಲ್ಲಿ ಹಿಡಿದರೆ ಹಂಚು ಹಿಡಿದ ಹಾಗಿರುತ್ತದೆ, ಬಿದ್ದರೂ ಹಂಚಿನ ಹಾಗೇ ಒಡೆಯುತ್ತವೆ. ಯಾಕಂದ್ರೆ ಇವು ಪ್ಲಾಸ್ಟಿಕ್ಕಲ್ಲ, ಅರಗು. ಮರದ ಕೊಂಬೆಗೆ ಅಂಟಿಕೊಂಡ ಸಣ್ಣ ಹುಳ ಸ್ರವಿಸುವ ಅದೇ ಅರಗು, ಪಾಂಡವರ ಮನೆಗೆ ಬಳಸಿದ್ದು. ಅದಕ್ಕೆ ಕಲ್ಲಿನ ಪುಡಿ, ಮಸಿ ಬೆರೆಸಿ ಅಚ್ಚು ಒತ್ತಿದರೆ ತಟ್ಟೆ. ನಿಮಿಷಕ್ಕೆ 78 ಸುತ್ತು. ಹತ್ತಿಂಚಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷ ಚಿಲ್ಲರೆ, ಅಷ್ಟೇ. ಒಂದು ಗಂಟೆ ರಾಗ ಹಾಡೋ ವಿದ್ವಾಂಸರೂ ಆ ಮೂರು ನಿಮಿಷದಲ್ಲಿ ಮುಗಿಸಬೇಕಿತ್ತು.

ನಮ್ಮ ದೇಶದಲ್ಲಿ ಈ ವ್ಯಾಪಾರ ಶುರುವಾಗಿದ್ದು 1902ರಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡ. ತಟ್ಟೆ ಒತ್ತುತ್ತಿದ್ದದ್ದು ದೂರದ ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಇದು ಯಾರ ಹಾಡು, ಯಾವ ಭಾಷೆ ಅಂತ ಹೇಗೆ ಗೊತ್ತಾಗಬೇಕು? ಅದಕ್ಕೇ ಹಾಡು ಮುಗಿದ ಕೂಡಲೇ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಆ ಹೆಸರು ತಟ್ಟೆಯೊಳಗೇ ಉಳಿದುಹೋಯಿತು. ಮುಂದೆ ಅದೇ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಹಾಡಿನ ಕೊನೆಗೆ ಹೆಸರು ಹೇಳುವ ಈ ಪದ್ಧತಿಯನ್ನು ನೆನಪಿಟ್ಟುಕೊಂಡಿರಿ, ಆಮೇಲೆ ಬೇಕಾಗುತ್ತೆ.

ಈ ಪದರದಲ್ಲಿ ಒಂದು ವಿಷಯ ಸ್ಪಷ್ಟ. ಯಾರ ದನಿ ಉಳೀಬೇಕು ಅಂತ ತೀರ್ಮಾನ ಮಾಡುತ್ತಿದ್ದದ್ದು ಕಂಪನಿ. ಮೈಸೂರು ಚೌಡಯ್ಯನವರ ಪಿಟೀಲು ಉಳಿಯಿತು, ಕಾಳಿಂಗರಾಯರ ಭಾವಗೀತೆ ಉಳಿಯಿತು, ನಾಟಕ ಕಂಪನಿಗಳ ರಂಗಗೀತೆ ಉಳಿಯಿತು. ನಮ್ಮ ಪಕ್ಕದ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣವನ್ನೇ ತಗೊಳ್ಳಿ. ಕಾವೇರಿ ದಡದ ಪುಟ್ಟ ಊರು, ಮನೆಗೊಬ್ಬ ಸಂಗೀತಗಾರ ಅನ್ನೋ ಹೆಸರು. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ, 1920ರಲ್ಲಿ. ಅವರು ಆಕಾಶವಾಣಿಯಲ್ಲಿದ್ದರು, ದೇಶವೆಲ್ಲ ಹಾಡಿದರು, ತೊಂಬತ್ತು ದಾಟಿದ ಮೇಲೂ ಕಛೇರಿ ಕೊಟ್ಟರು. ಅವರ ದನಿ ಬೇಕಾದಷ್ಟು ಉಳಿದಿದೆ. ಆದರೆ ಆ ಊರಲ್ಲಿ ಅವರ ಹಿಂದಿನ ತಲೆಮಾರಿನವರು, ಬೆಳಗ್ಗೆ ಹೊಳೇಲಿ ಮುಳುಗೆದ್ದು ಜಗಲಿ ಮೇಲೆ ಕೂತು ಪಾಠ ಹೇಳಿದವರು ಹೇಗೆ ಹಾಡುತ್ತಿದ್ದರು? ಶಿಷ್ಯರ ಗಂಟಲಿನಲ್ಲಿ ಎಷ್ಟು ಉಳಿಯಿತೋ ಅಷ್ಟೇ.

ಕಂಪನಿ ಮುದ್ರಿಸಿದ್ದೆಲ್ಲ ಉಳೀತು ಅಂತಲೂ ಅಲ್ಲ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚಿನಲ್ಲಿ ತೆರೆಕಂಡಿತು. ಇವತ್ತು ನೋಡೋಣ ಅಂದರೆ ಅದರ ಪ್ರತಿ ಇಲ್ಲ. ಸಾಹುಕಾರ ದೇಶಗಳ ಕತೆಯೂ ಅಷ್ಟೇ. ಬಿಬಿಸಿಯವರು ಟೇಪು ದುಬಾರಿ ಅಂತ ಹಳೇ ಕಾರ್ಯಕ್ರಮ ಅಳಿಸಿ ಅದರ ಮೇಲೇ ಹೊಸದು ಮುದ್ರಿಸುತ್ತಿದ್ದರು. ನಿಮ್ಮಲ್ಲಿ ಕೆಲವರು ರಾತ್ರಿಯೆಲ್ಲ ಕೂತು ನೋಡುವ ‘ಡಾಕ್ಟರ್ ಹೂ’ ಸರಣಿಯ ಹಳೇ ಕಂತುಗಳಲ್ಲಿ ಹತ್ತಿರ ಹತ್ತಿರ ನೂರು ಹೀಗೇ ಮಾಯವಾಗಿವೆ.

ಎಲ್‌ಪಿ ಪದರ ತೆಳು, ಬೇಗ ದಾಟಿಬಿಡೋಣ. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ತಂದಿದ್ದು, ವಿನೈಲ್ ತಟ್ಟೆ, ಮಗ್ಗುಲಿಗೆ ಇಪ್ಪತ್ತು ನಿಮಿಷದ ಮೇಲೆ. ಹಳ್ಳಿ ಮನೆಗಳಿಗೆ ಅದು ಬರಲೇ ಇಲ್ಲ ಅನ್ನಬೇಕು. ಪ್ಲೇಯರಿಗೆ ದುಡ್ಡು, ತಟ್ಟೆಗೆ ದುಡ್ಡು, ಮಕ್ಕಳು ಮುಳ್ಳು ಗೀರಿಸಿದರೆ ಇನ್ನೊಂದಷ್ಟು ದುಡ್ಡು.

ಊರಿಗೆ ಊರೇ ಬದಲಾಗಿದ್ದು ಕ್ಯಾಸೆಟ್ಟಿನಿಂದ. 1963ರಲ್ಲಿ ಫಿಲಿಪ್ಸ್ ಕಂಪನಿ ಯುರೋಪಿನಲ್ಲಿ ಹೊರತಂದಾಗ ಅದನ್ನು ಯಾರೂ ಸಂಗೀತಕ್ಕೆ ಅಂತ ಅಂದುಕೊಂಡಿರಲಿಲ್ಲ, ಮಾತು ಹಿಡಿಯೋದಕ್ಕೆ ಸಾಕು ಅಂದುಕೊಂಡಿದ್ದರು. 3.81 ಮಿಲಿಮೀಟರ್ ಅಗಲದ ಪ್ಲಾಸ್ಟಿಕ್ ಪಟ್ಟಿ, ಅದರ ಮೇಲೆ ಬಳಿದ ಕಬ್ಬಿಣದ ಆಕ್ಸೈಡು, ಅಂದರೆ ತುಕ್ಕಿನ ನೆಂಟ. ಸೆಕೆಂಡಿಗೆ 4.76 ಸೆಂಟಿಮೀಟರ್ ಓಟ. ಅರುವತ್ತು ನಿಮಿಷದ ಕ್ಯಾಸೆಟ್ಟಿನೊಳಗೆ ಸುಮಾರು 86 ಮೀಟರ್ ಪಟ್ಟಿ ಸುತ್ತಿಕೊಂಡಿರುತ್ತೆ. ಸಿಕ್ಕಿಹಾಕಿಕೊಂಡಾಗ ಪೆನ್ಸಿಲ್ ತೂರಿಸಿ ತಿರುಗಿಸಿದವರಿಗೆ ಆ ಉದ್ದ ಲೆಕ್ಕ ಹಾಕದೇ ಗೊತ್ತು.

ಕನ್ನಡದ ಮಟ್ಟಿಗೆ 1978ರಲ್ಲಿ ಬಂದ ‘ನಿತ್ಯೋತ್ಸವ’ವನ್ನು ಮೊದಲ ಭಾವಗೀತೆಗಳ ಧ್ವನಿಸುರುಳಿ ಅಂತ ಹೇಳುತ್ತಾರೆ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ. ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟಿನ ಹೊಳೆಯೇ ಹರಿಯಿತು. ಸಿ. ಅಶ್ವತ್ಥರ ಶರೀಫರ ಹಾಡು, ರಾಜ್‌ಕುಮಾರ್ ಭಕ್ತಿಗೀತೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ. ಪೇಟೆಯ ಅಂಗಡಿಗೆ ಖಾಲಿ ಕ್ಯಾಸೆಟ್ಟು ಮತ್ತು ಚೀಟಿ ಕೊಟ್ಟರೆ ನಿಮಗೆ ಬೇಕಾದ ಹಾಡು ಬೇಕಾದ ಸಾಲಿಗೆ ತುಂಬಿಸಿಕೊಡೋರು. ಈಗ ನೀವು ಪ್ಲೇಲಿಸ್ಟ್ ಅನ್ನೋದು ಅದನ್ನೇ, ಅವತ್ತು ಎರಡು ದಿನ ಬಿಟ್ಟು ಬನ್ನಿ ಅನ್ನೋರು.

ಆದರೆ ಕ್ಯಾಸೆಟ್ಟಿನ ನಿಜವಾದ ಪವಾಡ ಟೇಪ್‌ರೆಕಾರ್ಡರಿನ ಮೂಲೆಯಲ್ಲಿದ್ದ ಕೆಂಪು ಗುಂಡಿ. ಅಲ್ಲಿಯತನಕ ಹಾಡಿಸುವ ಯಂತ್ರ ಮನೇಲಿರುತ್ತಿತ್ತು, ಮುದ್ರಿಸುವ ಯಂತ್ರ ಕಂಪನಿ ಹತ್ತಿರ ಇರುತ್ತಿತ್ತು. ಈಗ ಎರಡೂ ಒಂದೇ ಡಬ್ಬಿಯೊಳಗೆ ಬಂದವು. ಹ್ಯಾನೋವರಿಗೆ ಹೋಗೋದು ಬೇಡ, ಕಲ್ಕತ್ತೆಗೆ ಹೋಗೋದು ಬೇಡ. ಯಾರ ದನಿ ಉಳೀಬೇಕು ಅನ್ನೋ ತೀರ್ಮಾನ ಮೊದಲನೇ ಸಲ ನಡುಮನೆಗೆ ಬಂತು.

ನಮ್ಮ ಮಾವ 1985ರ ಸುಮಾರಿಗೆ ಒಂದು ಟೂ ಇನ್ ಒನ್ ತಂದರು. ತಂದವರು ಎಲ್ಲರ ಹಾಗೆ ಮೊದಲು ತಮ್ಮ ಕೆಮ್ಮು, ನಾಯಿ ಬೊಗಳೋದು, ಹಾಲಿನ ಡೈರಿಯಲ್ಲಿ ನಡೆದ ಜಗಳ ಇದನ್ನೆಲ್ಲ ಮುದ್ರಿಸಿದರು. ಆಮೇಲೆ ಒಂದು ದಿನ ಅಜ್ಜಿಯನ್ನು ಕೂರಿಸಿದರು. ಅಜ್ಜಿಗೆ ಓದು ಬರ ಇರಲಿಲ್ಲ. ಸೋಬಾನೆ ಪದ, ರಾಗಿ ಬೀಸೋ ಪದ, ಮಾವಿನಕೆರೆ ಬೆಟ್ಟದ ರಂಗಪ್ಪನ ಮೇಲೆ ಒಂದು ಉದ್ದನೆಯ ಪದ. ಆ ರಂಗಪ್ಪನ ಪದವನ್ನು ನಾನು ಯಾವ ಪುಸ್ತಕದಲ್ಲೂ ಇದುವರೆಗೆ ನೋಡಿಲ್ಲ. ಎರಡೂ ಮಗ್ಗುಲು ತುಂಬಿತು. ಮಾವ ಹುಷಾರಿನ ಮನುಷ್ಯ, ಕ್ಯಾಸೆಟ್ಟಿನ ಬೆನ್ನಿನ ಮೇಲಿರೋ ಎರಡು ಸಣ್ಣ ಕಿವಿಗಳನ್ನು ಸ್ಕ್ರೂಡ್ರೈವರಿನಲ್ಲಿ ಮುರಿದುಹಾಕಿದರು. ಕಿವಿ ಮುರಿದರೆ ಕೆಂಪು ಗುಂಡಿ ಒತ್ತಕ್ಕಾಗಲ್ಲ, ಯಾರೂ ಅದರ ಮೇಲೆ ಇನ್ನೊಂದು ಮುದ್ರಿಸಕ್ಕಾಗಲ್ಲ. ಲೇಬಲ್ಲಿನ ಮೇಲೆ ಮಾತ್ರ ಏನೂ ಬರೀಲಿಲ್ಲ. ಅಮ್ಮನ ದನಿ ಯಾರಿಗೆ ಗೊತ್ತಿಲ್ಲ ಅಂತ. ಅಜ್ಜಿ 1991ರಲ್ಲಿ ಹೋದರು.

ಇನ್ನು ನನ್ನ ಪದರ.

2004ರಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಒಂದು ವರ್ಷವಾಗಿತ್ತು. ಅಮೆರಿಕಕ್ಕೆ ಹೊರಟಿದ್ದ ಸಹೋದ್ಯೋಗಿಯೊಬ್ಬ ಮನೆ ಖಾಲಿ ಮಾಡುವಾಗ ಒಂದು ಸಿ.ಡಿ. ರೆಕಾರ್ಡರ್ ಮಾರಿದ. ಕಂಪ್ಯೂಟರಿನದ್ದಲ್ಲ, ಡೆಕ್ಕಿನ ಹಾಗೆ ಷೋಕೇಸಿನಲ್ಲಿ ಇಡುವಂಥದ್ದು. ಒಂದು ಕಡೆ ಟೇಪಿನ ವಯರು ಚುಚ್ಚಿ, ಖಾಲಿ ಡಿಸ್ಕು ಹಾಕಿ ಗುಂಡಿ ಒತ್ತಿದರೆ ಮುದ್ರಣ ಶುರು. 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಸೇರಿ ಸಿ.ಡಿ. ತಂದಾಗ ಕೆಂಪು ಗುಂಡಿ ಮತ್ತೆ ಕಂಪನಿಯ ಕೈಗೆ ಹೋಗಿತ್ತು. ಮನೆಯವರು ಮತ್ತೆ ಬರೀ ಕೇಳುಗರಾಗಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ಬಂದ ಈ ಮನೆಬಳಕೆಯ ರೆಕಾರ್ಡರುಗಳು ಅದನ್ನು ವಾಪಸ್ ಕೊಟ್ಟವು, ಆದರೆ ಸುಮ್ಮನೆ ಕೊಡಲಿಲ್ಲ. ಅಂಗಡಿಯ ಸಾದಾ ಖಾಲಿ ಡಿಸ್ಕು ಹಾಕಿದರೆ ತಗೊಳ್ಳಲ್ಲ, ‘ಆಡಿಯೊ’ ಅಂತ ಬರೆದ ದುಬಾರಿ ಡಿಸ್ಕೇ ಆಗಬೇಕು. ಅಮೆರಿಕದಂಥ ದೇಶಗಳಲ್ಲಿ ಆ ಬೆಲೆಯೊಳಗೆ ಸಂಗೀತ ಕಂಪನಿಗಳಿಗೆ ಹೋಗುವ ಕಪ್ಪವೂ ಸೇರಿರುತ್ತಿತ್ತು. ಇನ್ನೊಂದು, ಡಿಜಿಟಲ್ ದಾರಿಯಲ್ಲಿ ಪ್ರತಿಯಿಂದ ಪ್ರತಿ ಮಾಡುತ್ತಾ ಹೋದರೆ ಒಂದು ಮಟ್ಟದಾಚೆ ಯಂತ್ರವೇ ‘ಆಗಲ್ಲ’ ಅಂತ ಕೈಯೆತ್ತುತ್ತಿತ್ತು. ಹೆಚ್ಚು ಪ್ರತಿ ಆಗಬಾರದು ಅನ್ನೋ ಉದ್ದೇಶದಿಂದಲೇ ಕಟ್ಟಿದ, ಪ್ರತಿ ಮಾಡುವ ಯಂತ್ರ!

ಇದನ್ನು ಕೇಳಿದರೆ ಅತ್ತಿಮಬ್ಬೆ ನಗುತ್ತಿದ್ದಳೇನೋ. ಸಾವಿರ ವರ್ಷದ ಹಿಂದೆ, ಪೊನ್ನನ ‘ಶಾಂತಿಪುರಾಣ’ ಎಲ್ಲಿ ಕಳೆದುಹೋಗುತ್ತೋ ಅಂತ ಸಾವಿರ ಓಲೆಗರಿ ಪ್ರತಿ ಬರೆಸಿ ಹಂಚಿದವಳು ಅವಳು. ಅಚ್ಚಿನ ಮೊಳೆ ಇಲ್ಲ, ಒಂದೊಂದೂ ಕೈಬರಹ. ಒಂದು ಬಸದಿಗೆ ಬೆಂಕಿ ಬಿದ್ದರೆ ಇನ್ನೊಂದರಲ್ಲಿ ಇರಲಿ, ಅಲ್ಲಿ ಗೆದ್ದಲು ಹಿಡಿದರೆ ಮತ್ತೊಂದರಲ್ಲಿ ಇರಲಿ. ಇವತ್ತು ನಿಮ್ಮ ಆಫೀಸಿನಲ್ಲಿ ಬ್ಯಾಕಪ್ ಪಾಲಿಸಿ ಅಂತ ಹತ್ತು ಪುಟ ಬರೆದಿರೋದು ಇಷ್ಟೇ ವಿಷಯ.

ನಾನು ಅತ್ತಿಮಬ್ಬೆಯ ದಾರಿ ಹಿಡೀಲಿಲ್ಲ. ರೆಕಾರ್ಡರನ್ನು ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹಳೇಕೋಟೆಗೆ ಹೋದೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ನಡುವೆ ಕರೆಂಟು ಹೋದರೆ ಆ ಡಿಸ್ಕು ಬಿಸಾಕಬೇಕು. ಅವತ್ತಿನ ಹಳ್ಳಿ ಕರೆಂಟು ಹೇಗಿತ್ತು ಅಂತ ನಿಮಗೆ ಗೊತ್ತಿದ್ದರೆ ನಾನು ಎಷ್ಟು ಬಿಸಾಕಿದೆ ಅಂತ ಊಹಿಸಿಕೊಳ್ಳಿ. ಕೊನೆಗೆ ‘ಫೈನಲೈಸ್’ ಅಂತ ಒಂದು ಶಾಸ್ತ್ರ, ಅದನ್ನು ಮರೆತರೆ ಬೇರೆ ಪ್ಲೇಯರಿನಲ್ಲಿ ಓಡಲ್ಲ. 78ರ ತಟ್ಟೆಗಳಿಗೂ ಕೈ ಹಾಕಿದೆ. ಆ ತಟ್ಟೆಯ ಗೀರು ಅಗಲ, ಎಲ್‌ಪಿಯ ಮುಳ್ಳು ಸಣ್ಣದು. ಸಣ್ಣ ಮುಳ್ಳು ಗೀರಿನ ತಳಕ್ಕೇ ಇಳಿದು ಅಲ್ಲಿದ್ದ ಕಸವನ್ನೆಲ್ಲ ಹಾಡಿತು. ಅದಕ್ಕೆ ಬೇರೆ ಮುಳ್ಳೇ ಇದೆ ಅಂತ ಗೊತ್ತಾಗಿದ್ದು ಎಷ್ಟೋ ವರ್ಷ ಆದಮೇಲೆ.

ಹನ್ನೆರಡು ದಿನದಲ್ಲಿ ನಲವತ್ತೆರಡು ಸಿ.ಡಿ. ಆದವು. ಯಾವುದನ್ನು ಆರಿಸಿದೆ ಗೊತ್ತಾ? ಅಂದವಾದ ಕವರಿದ್ದವನ್ನು. ರಾಜ್‌ಕುಮಾರ್, ಪಿ.ಬಿ. ಶ್ರೀನಿವಾಸ್, ಅಶ್ವತ್ಥ್, ಹಿರಣ್ಣಯ್ಯ. ಪ್ರತಿಯೊಂದಕ್ಕೂ ಬೆಂಗಳೂರಿನಲ್ಲಿ ಬಣ್ಣದ ಸ್ಟಿಕರ್ ಮಾಡಿಸಿ ಅಂಟಿಸಿದೆ. ಹೆಸರೇ ಇಲ್ಲದ ಹದಿನೇಳು ಕ್ಯಾಸೆಟ್ಟುಗಳನ್ನು ‘ಆಮೇಲೆ ನೋಡೋಣ’ ಅಂತ ಪಕ್ಕಕ್ಕೆ ಸರಿಸಿದೆ. ಇವತ್ತು ಆ ನಲವತ್ತೆರಡರಲ್ಲಿದ್ದ ಹಾಡುಗಳೆಲ್ಲ ನಿಮ್ಮ ಜೇಬಿನ ಫೋನಿನಲ್ಲಿ ನನ್ನದಕ್ಕಿಂತ ಚೆನ್ನಾಗಿ ಸಿಗುತ್ತವೆ. ಸಾವಿರಾರು ಪ್ರತಿ ಇದ್ದದ್ದಕ್ಕೆ ನಾನು ಇನ್ನೊಂದು ಪ್ರತಿ ಸೇರಿಸಿದೆ. ಲೋಕದಲ್ಲಿ ಒಂದೇ ಪ್ರತಿ ಇದ್ದದ್ದನ್ನು ಹಾಗೇ ಅಟ್ಟಕ್ಕೆ ಹಾಕಿದೆ.

ಹತ್ತು ವರ್ಷ ಕಳೆದು ಒಂದು ದೀಪಾವಳಿಗೆ ಮಾವ ಫೋನ್ ಮಾಡಿದರು. “ನೀನ್ ಮಾಡಿಕೊಟ್ಟಿದ್ ಪ್ಲೇಟು ಒಂದೂ ಓಡ್ತಿಲ್ಲ ಕಣ್ಲಾ.” ಹೋಗಿ ನೋಡಿದರೆ ನಿಜ. ಕೆಲವು ತಡವರಿಸಿದವು, ಕೆಲವು ತೆರೆಯಲೇ ಇಲ್ಲ. ಅಂಗಡಿಯಲ್ಲಿ ಸಿಗುವ ಸಿ.ಡಿ.ಯಲ್ಲಿ ಗುಳಿಗಳನ್ನು ಅಚ್ಚಿನಿಂದ ಒತ್ತಿರುತ್ತಾರೆ. ಮನೆಯಲ್ಲಿ ಮುದ್ರಿಸುವ ಸಿ.ಡಿ.ಯಲ್ಲಿ ಗುಳಿ ಇಲ್ಲ, ಒಂದು ಬಣ್ಣದ ಪದರ ಇರುತ್ತೆ. ಲೇಸರ್ ಅದರ ಮೇಲೆ ಸುಟ್ಟ ಗುರುತು ಮಾಡುತ್ತೆ. ಬಿಸಿಲು, ಸೆಕೆಗೆ ಬಟ್ಟೆಯ ಬಣ್ಣ ಹೋಗೋ ಹಾಗೆ ಆ ಬಣ್ಣವೂ ಹೋಗುತ್ತೆ. ಹೆಂಚಿನ ಕೆಳಗಿನ ಅಟ್ಟ ಅಂದರೆ ಬೇಸಿಗೆಯಲ್ಲಿ ಒಲೆ. ಮೇಲಿಂದ ನನ್ನ ಸ್ಟಿಕರಿನ ಅಂಟು ಬೇರೆ ಹೊಳಪಿನ ಪದರವನ್ನು ಎಳೆದಿತ್ತು. ಆ ಪದರದ ಮೇಲಿರೋದು ಕೂದಲೆಳೆಯಂಥ ವಾರ್ನಿಷ್ ಅಷ್ಟೇ. ನಾವೆಲ್ಲ ಸಿ.ಡಿ.ಯ ಕೆಳಮಗ್ಗುಲು ಗೀರಬಾರದು ಅಂತ ಜೋಪಾನ ಮಾಡ್ತಿದ್ದೆವು, ಪೆಟ್ಟಾಗಬಾರದಿದ್ದದ್ದು ಮೇಲ್ಮಗ್ಗುಲು.

ಸಿಟ್ಟಿಗೆ ಕೆಳಗಿದ್ದ ಒಂದು ಕ್ಯಾಸೆಟ್ಟು ತೆಗೆದು ಹಳೇ ಟೇಪಿಗೆ ಹಾಕಿದೆ. ಹಾಡಿತು. ಮೂವತ್ತು ವರ್ಷದ ತುಕ್ಕಿನ ಪಟ್ಟಿ, ಒಂಚೂರು ಗೊರಗೊರ ಅಂದಿದ್ದು ಬಿಟ್ಟರೆ ಚೆನ್ನಾಗೇ ಹಾಡಿತು. ಹತ್ತಿಗೆ ಸ್ಪಿರಿಟ್ ಅದ್ದಿ ಹೆಡ್ಡು ಒರೆಸಿದ ಮೇಲೆ ಇನ್ನೂ ಚೆನ್ನಾಗಿ.

ಆಗ ಹದಿನೇಳು ಅನಾಮಿಕ ಕ್ಯಾಸೆಟ್ಟುಗಳನ್ನು ಸಾಲಾಗಿಟ್ಟುಕೊಂಡು, ಟೇಪಿನ ವಯರನ್ನು ಲ್ಯಾಪ್‌ಟಾಪಿಗೆ ಚುಚ್ಚಿ ಕೂತೆ. ಆಡಾಸಿಟಿ ಅಂತ ಪುಕ್ಕಟೆ ಸಾಫ್ಟ್‌ವೇರು ಸಾಕು. ಒಂಬತ್ತನೇ ಕ್ಯಾಸೆಟ್ಟು ಕೈಗೆತ್ತಿಕೊಂಡಾಗ ಬೆನ್ನಿನ ಮೇಲೆ, ಮುರಿದ ಕಿವಿಯ ಜಾಗದಲ್ಲಿ, ಹಳದಿಗಟ್ಟಿದ ಸೆಲ್ಲೊಟೇಪಿನ ಚೂರು ಕಂಡಿತು. ಎದೆ ಧಸಕ್ ಅಂತು. ಆ ಚೂರನ್ನು ಅಂಟಿಸಿದವನು ನಾನು.

1997ರ ಬೇಸಿಗೆ ರಜೆ. ನಮ್ಮ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿ ಹುದ್ದೆಯಿಂದ ಇಳಿದ ಏಪ್ರಿಲ್ಲು, ಊರಿನ ಜಗಲಿಗಳ ಮೇಲೆಲ್ಲ ಅದೇ ಮಾತು. ನನಗೆ ಮಾತ್ರ ‘ಜನುಮದ ಜೋಡಿ’ ಹಾಡಿನ ಹುಚ್ಚು. ಪಕ್ಕದ ಮನೆಯವರ ಹತ್ತಿರ ಕ್ಯಾಸೆಟ್ಟಿತ್ತು, ನನ್ನ ಹತ್ತಿರ ಖಾಲಿ ಇರಲಿಲ್ಲ. ಟ್ರಂಕಿನಲ್ಲಿ ಹೆಸರಿಲ್ಲದ್ದೊಂದು ಸಿಕ್ಕಿತು. ಕಿವಿ ಮುರಿದಿದ್ದರೆ ಅದರ ಮೇಲೆ ಸೆಲ್ಲೊಟೇಪ್ ಅಂಟಿಸಿದರಾಯ್ತು ಅನ್ನೋ ವಿದ್ಯೆ ಪಿಯುಸಿ ಹುಡುಗರಿಗೆಲ್ಲ ಗೊತ್ತಿತ್ತು. ಒಳಗೇನಿದೆ ಅಂತ ಹಾಕಿ ನೋಡುವಷ್ಟು ತಾಳ್ಮೆ ಇರಲಿಲ್ಲ.

ಈ ಸಲ ಹಾಕಿ ನೋಡಿದೆ. ಒಂದು ಮಗ್ಗುಲು ಪೂರ್ತಿ ಸಿನಿಮಾ ಹಾಡು. ಇನ್ನೊಂದು ಮಗ್ಗುಲಿನಲ್ಲಿ ಸೋಬಾನೆ ಪದಗಳು ಹಾಗೇ ಇದ್ದವು, ಪುಣ್ಯ. ರಂಗಪ್ಪನ ಪದ ಇದ್ದದ್ದು ಹೋದ ಮಗ್ಗುಲಿನಲ್ಲಿ. ಕೆಳಪದರದಲ್ಲಿ ಏನಾದರೂ ಉಳಿದಿರಬಹುದಾ ಅಂತ ತಿಳಿದವರನ್ನು ಕೇಳಿದೆ. ಹಾಸನ ಜಿಲ್ಲೆಯವರಿಗೆ ಇಂಥ ಆಸೆ ಬರೋದು ಸಹಜ, ನಮ್ಮದು ಕಲ್ಲಿನ ಮೇಲಿನ ಅಕ್ಷರದ ಸೀಮೆ. ಹಲ್ಮಿಡಿಯ ಕಲ್ಲು 1936ರಲ್ಲಿ ಎಂ.ಎಚ್. ಕೃಷ್ಣ ಅವರ ಕಣ್ಣಿಗೆ ಬೀಳೋ ತನಕ ಹದಿನೈದು ಶತಮಾನ ಮಳೆಬಿಸಿಲಿಗೆ ನಿಂತಿತ್ತು, ಆದರೂ ಓದಕ್ಕೆ ಬಂತು. (ಈಗ ಹಲ್ಮಿಡಿಗೆ ಹೋದರೆ ಕಾಣೋದು ಅದರ ಪ್ರತಿ. ಮೂಲ ಮೈಸೂರಿನಲ್ಲಿದೆ.) ಸವೆದ ಕಲ್ಲಿಗೆ ಓರೆ ಬೆಳಕು ಬಿಟ್ಟರೆ ಅಕ್ಷರ ಮೂಡುತ್ತೆ. ಟೇಪಿನಲ್ಲಿ ಹಾಗಾಗಲ್ಲ. ಮುದ್ರಿಸುವ ಹೆಡ್ಡಿಗಿಂತ ಮುಂಚೆ ಅಳಿಸುವ ಹೆಡ್ಡು ಒಂದಿರುತ್ತೆ, ಅದು ಮೊದಲು ಪೂರ್ತಿ ಗುಡಿಸುತ್ತೆ, ಆಮೇಲೆ ಹೊಸದು ಬರೆಯುತ್ತೆ.

ಸಿನಿಮಾ ಹಾಡು ಮಗ್ಗುಲಿನ ಕೊನೆಯವರೆಗೆ ಬಂದಿರಲಿಲ್ಲ. ಕೊನೆಯ ಹಾಡು ಮುಗಿದು ಟಪ್ ಅಂತು. ಆಮೇಲೆ ಅಜ್ಜಿಯ ದನಿ, ಪದದ ಕೊನೆಯ ಸಾಲಿನ ಅರ್ಧ. ಒಂದು ಉಸಿರು. “ಸಾಕು ಬುಡ್ಲಾ, ಕರೆಂಟು ಸುಮ್ನೆ ಉರೀತದೆ.” ಮಾವ ನಗುವ ಸದ್ದು. ದೂರದಲ್ಲಿ ಒಂದು ಎಮ್ಮೆ. ಒಟ್ಟು ಮೂವತ್ತೆಂಟು ಸೆಕೆಂಡು.

ಮಾವ ಪಕ್ಕದಲ್ಲೇ ಕೂತಿದ್ದರು. ನಾನು ಸೆಲ್ಲೊಟೇಪಿನ ವಿಷಯ ಹೇಳಿದೆ. ಅವರು ಬೈಯಲಿಲ್ಲ. “ಇನ್ನೊಂದ್ಸಲ ಹಾಕು” ಅಂದರು, ಅಷ್ಟೇ. ನಾಲ್ಕು ಸಲ ಹಾಕಿಸಿದರು. ಆಮೇಲೆ ತಾವೇ ರಂಗಪ್ಪನ ಪದವನ್ನು ನೆನೆಸಿಕೊಂಡು ಹೇಳೋದಕ್ಕೆ ಶುರು ಮಾಡಿದರು. ಆರು ನುಡಿ ಬಂತು, ಏಳನೆಯದಕ್ಕೆ ತಡವರಿಸಿದರು. ಅದನ್ನೂ ಮುದ್ರಿಸಿಕೊಂಡೆ.

ಉಳಿದ ಹದಿನಾರನ್ನು ಹೀಗೇ ಮಾಡಿದೆವು. ಪ್ರತಿ ಕ್ಯಾಸೆಟ್ಟು ಮುಗಿದಾಗ ಮಾವ ಫೋನಿನ ಮುಂದೆ ಬಾಗಿ, ಇದರಲ್ಲಿ ಮಾತಾಡಿದವರು ಯಾರು, ಯಾರ ಮನೆ ಮದುವೆ, ಯಾವ ವರ್ಷದ ಮಳೆ ಅಂತ ಹೇಳೋರು. ಗೌಹರ್ ಜಾನ್ ಹೆಸರು ಕೂಗಿದ ಹಾಗೆ. ಅವರಿಗೀಗ ಎಪ್ಪತ್ತೈದು. ಆ ದನಿಗಳಲ್ಲಿ ಅರ್ಧಕ್ಕರ್ಧ ಯಾರದು ಅಂತ ಹೇಳಬಲ್ಲವರು ಊರಲ್ಲಿ ಅವರೊಬ್ಬರೇ. ಫೈಲುಗಳು ಈಗ ನನ್ನ ಹತ್ತಿರ, ಅಕ್ಕನ ಹತ್ತಿರ, ದಾವಣಗೆರೆಯ ಚಿಕ್ಕಮ್ಮನ ಮಗನ ಹತ್ತಿರ, ಒಂದು ಕ್ಲೌಡಿನಲ್ಲಿ ಇವೆ. ಕ್ಯಾಸೆಟ್ಟುಗಳನ್ನು ಎಸೆದಿಲ್ಲ, ಅಟ್ಟದಿಂದ ಇಳಿಸಿ ಬೀರುವಿನ ಕೆಳಖಾನೆಗೆ ಹಾಕಿದ್ದೇವೆ, ಅಲ್ಲಿ ತಂಪು. ನಿಮ್ಮ ಮನೆ ಅಟ್ಟದಲ್ಲೂ ಹೆಸರಿಲ್ಲದ್ದು ಇದ್ದರೆ, ಮೊದಲು ಅದನ್ನೇ ಹಾಕಿ. ಅಂದವಾದ ಕವರಿನವು ಕಾಯುತ್ತವೆ.

ಸತ್ತ ಸಿ.ಡಿ.ಗಳನ್ನು ಮಾವ ನೂಲು ಕಟ್ಟಿ ಮುಸುಕಿನ ಜೋಳದ ಹೊಲದಲ್ಲಿ ನೇತುಹಾಕಿದ್ದಾರೆ, ಗಿಳಿ ಓಡಿಸೋಕೆ. ಬಿಸಿಲಿಗೆ ಫಳಫಳ ಅನ್ನುತ್ತವೆ. ಮೊದಲೆರಡು ದಿನ ಗಿಳಿಗಳು ಬರಲಿಲ್ಲವಂತೆ. ಮೂರನೇ ದಿನ ಒಂದು ಗಿಳಿ ಹಿರಣ್ಣಯ್ಯನವರ ನಾಟಕದ ಪಕ್ಕದಲ್ಲೇ ಕೂತು ತೆನೆ ಬಿಡಿಸುತ್ತಿತ್ತಂತೆ.